ಪದಗಳು ಪಕ್ಷಾಂತರ ಮಾಡುವುದಿಲ್ಲ

ಕೆಲವು ದಿನಗಳ ಹಿಂದೆ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬನು ಸರಳ ಲೋಲಕದ ಪ್ರಯೋಗವನ್ನು ಮಾಡುತ್ತಿದ್ದನು. ಲೋಲಕದ ಉದ್ದ ೧ ಮೀಟರು. ೨೦ ಆಂದೋಲನಗಳಿಗೆ ೪೦.೨ ಸೆಕೆಂಡುಗಳು, ಎಂದರೆ ಒಂದಕ್ಕೆ ೨.೦೧ ಸೆಕೆಂಡು. ಅಳತೆಗಳಲ್ಲಿ ದೋಷವೇನೂ ಇರಲಿಲ್ಲ. ಆದರೆ ಗುರುತ್ವ ವೇಗೋತ್ಕರ್ಷವೆಂದು ಅವನು ಬರೆದಿದ್ದ ಬೆಲೆ ೦.೧೦! ಇದು ನಿಜವಾಗಿದ್ದಲ್ಲಿ ಒಂದು ಮೀಟರು ಎತ್ತರದಿಂದ ಕೈಬಿಟ್ಟ ಕಲ್ಲು ನೆಲವನ್ನು ಮುಟ್ಟಲು ಸುಮಾರು ನಾಲ್ಕೂವರೆ ಸೆಕೆಂಡು ಬೇಕಾಗುತ್ತಿತ್ತು. ಹೇಗೆ ಬಂತೆಂದು ಕೇಳಿದೆ. "ಪಕ್ಷಾಂತರ ಮಾಡಿದೆ, ಸಾರ್. ಮೇಲಿದ್ದುದು ಆಚೆಗೆ ಹೋದರೆ ಕೆಳಗೆ ಬರಬೇಕಲ್ಲವೆ?" ಎಂದನು.

ತಪ್ಪು ಅವನದೆಂದು ನಾನು ಹೇಳಲಾರೆ. ಅದು ನಮ್ಮದು, ಎಂದರೆ ಕಲಿಸುವವರದು. ಪಕ್ಷಾಂತರವೆಂಬ ಮಾತೇ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಸಮಚಿಹ್ನೆಯನ್ನು ದಾಟಿದ ಕೂಡಲೆ ಪದವೊಂದು ಧನದಿಂದ ಋಣಕ್ಕೆ, ಮೇಲಿನಿಂದ ಕೆಳಕ್ಕೆ ತಾನಾಗಿ ಮಾರ್ಪಡುವುದೆಂದು ಅವರು ನಂಬುತ್ತಾರೆ. ಪಕ್ಷ ಬದಲಿಸಿದವರ ಚಿಹ್ನೆ ಬದಲಾಗುವುದು ಚುನಾವಣೆಯಲ್ಲಿ ಸಹಜವಿರಬಹುದು. ಬೀಜಗಣಿತದಲ್ಲಿ ಯಾರೂ ಎಲ್ಲಿಗೂ ದಾಟುವುದಿಲ್ಲ. ಒಂದು ಸಂಖ್ಯೆಗೆ ೭ನ್ನು ಕೂಡಿದಾಗ ೧೨ ಬಂದಿತೆಂದಾದರೆ, ನಾವು ಎರಡು ಪಕ್ಷಗಳಿಂದಲೂ ೭ನ್ನು ಕಳೆಯುತ್ತೇವೆ. ಎಡಗಡೆ ೭ ಅಳಿಯುತ್ತದೆ, ಬಲಗಡೆ ೫ ಉಳಿಯುತ್ತದೆ. ಇಷ್ಟೇ ನಡೆದದ್ದು. ಆಲ್‌ಜೀಬ್ರಾ ಎಂಬ ಹೆಸರಿಗೆ ಮೂಲವಾದ 'ಅಲ್ ಜಬ್ರ್' ಎಂಬ ಅರಬ್ಬೀ ಮಾತು ಒಂಬತ್ತನೆಯ ಶತಮಾನದ ಅಲ್ ಖ್ವಾರಿಜ್ಮಿಯ ಗ್ರಂಥದಿಂದ ಬಂದಿತು. ಒಂದು ಪಕ್ಷದಲ್ಲಿ ಕಳೆದಿರುವುದನ್ನು ಎರಡು ಪಕ್ಷಗಳಿಗೂ ಕೂಡಿ ಸರಿಪಡಿಸುವುದೇ ಅಲ್ಲಿ ಅದರ ಅರ್ಥ.

ಲೋಲಕಕ್ಕೆ ಮರಳೋಣ. ಆಂದೋಲನ ಕಾಲವನ್ನು 'ಕಾ' ಎಂದೂ ಉದ್ದವನ್ನು 'ಉ' ಎಂದೂ ಗುರುತ್ವ ವೇಗೋತ್ಕರ್ಷವನ್ನು 'ಗು' ಎಂದೂ ಕರೆಯೋಣ. (ಕಾಲಕ, ನೀಲಕ ಎಂದು ಬಣ್ಣಗಳ ಮೊದಲಕ್ಷರಗಳಿಂದ ಅವ್ಯಕ್ತಗಳನ್ನು ಸೂಚಿಸುತ್ತಿದ್ದ ನಮ್ಮ ಪ್ರಾಚೀನರು ಇದಕ್ಕೆ ಆಕ್ಷೇಪಿಸಲಾರರು.) ಆಗ

ಕಾ = ೨π√(ಉ/ಗು)

ಇಲ್ಲಿ ಅವ್ಯಕ್ತವಾದ ಗು ಏನೇನು ಕ್ರಿಯೆಗಳಿಗೆ ಒಳಗಾಗಿದೆ? ಅದರಿಂದ ಉದ್ದವನ್ನು ಭಾಗಿಸಿದೆ; ಬಂದುದರ ವರ್ಗಮೂಲವನ್ನು ತೆಗೆದಿದೆ; ಕೊನೆಗೆ ೨πಯಿಂದ ಗುಣಿಸಿದೆ. ಬಿಡಿಸುವಾಗ ಕಡೆಯದನ್ನು ಮೊದಲು ಬಿಡಿಸಬೇಕು. ಎರಡು ಪಕ್ಷಗಳನ್ನೂ ೨πಯಿಂದ ಭಾಗಿಸಿ ವರ್ಗಿಸಿದರೆ

ಕಾ²/೪π² = ಉ/ಗು

ನನ್ನ ವಿದ್ಯಾರ್ಥಿ ಇಲ್ಲಿಯವರೆಗೆ ಸರಿಯಾಗಿಯೇ ಬಂದಿದ್ದನು. ಅನಂತರ 'ಉ'ವನ್ನು ಆಚೆಗೆ, ಕೆಳಕ್ಕೆ ದಾಟಿಸಿದನು. ಬಲಗಡೆ 'ಗು' ಒಂದೇ ಉಳಿಯಿತೆಂದು ಸಂತೋಷಪಟ್ಟನು. ಅದು ಛೇದದಲ್ಲಿಯೇ ಕುಳಿತಿದ್ದುದು ಅವನ ಗಮನಕ್ಕೆ ಬರಲಿಲ್ಲ. ಎರಡು ಪಕ್ಷಗಳನ್ನೂ 'ಗು'ವಿನಿಂದ ಗುಣಿಸಿ, ಬಳಿಕ ಕಾ²/೪π²ರಿಂದ ಭಾಗಿಸಿದ್ದರೆ ಗು = ೪π²ಉ/ಕಾ² ಎಂದಾಗಿ ೯.೭೭ ಬರುತ್ತಿತ್ತು. ತನ್ನ ೦.೧೦ನ್ನು ಮೂಲ ಸಮೀಕರಣದಲ್ಲಿಟ್ಟು ನೋಡಿದ್ದರೂ ಸಾಕಾಗಿತ್ತು. ಆಂದೋಲನಕ್ಕೆ ೨ ಸೆಕೆಂಡಿನ ಬದಲು ಸುಮಾರು ೨೦ ಸೆಕೆಂಡು ಬಂದು ತಪ್ಪು ತಾನೇ ಕೂಗಿ ಹೇಳುತ್ತಿತ್ತು.

ಹೀಗೆ ಹಿಮ್ಮುಖವಾಗಿ ನಡೆಯುವ ಕ್ರಮವು ಹೊಸದಲ್ಲ. ೪೯೯ರ ಆರ್ಯಭಟೀಯದ ಗಣಿತಪಾದದಲ್ಲಿ ಗುಣಾಕಾರಕ್ಕೆ ಭಾಗಾಕಾರ, ಸಂಕಲನಕ್ಕೆ ವ್ಯವಕಲನ ಎಂಬ ವಿಲೋಮ ವಿಧಿ ಇದೆ. ೧೧೫೦ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ವರ್ಗಕ್ಕೆ ವರ್ಗಮೂಲವನ್ನೂ ಹೇಳಿದ್ದಾನೆ.

ನಮ್ಮ ಶಾಲೆಗಳಲ್ಲಾದರೋ ಇದರ ಸ್ಥಾನಕ್ಕೆ ತ್ರಿಕೋನವೊಂದು ಬಂದಿದೆ. ಓಮನ ನಿಯಮದ ವಿ, ಐ, ಆರ್ ಅಕ್ಷರಗಳನ್ನು ಅದರೊಳಗೆ ಬರೆದು, ಬೇಕಾದುದನ್ನು ಬೆರಳಿನಿಂದ ಮುಚ್ಚಿದರೆ ಉತ್ತರ ಕಾಣುವುದಂತೆ! ಪರೀಕ್ಷೆಯಲ್ಲಿ ಕಾಲ ಉಳಿಯುವುದೆಂದು ನನ್ನ ಸಹೋದ್ಯೋಗಿಗಳು ವಾದಿಸುತ್ತಾರೆ. ಉಳಿಯುವುದೇನೋ ನಿಜ. ಆದರೆ ನಾಲ್ಕನೆಯ ಅಕ್ಷರ ಬಂದರೆ, ಒಂದು ವರ್ಗಮೂಲ ಬಂದರೆ, ಬೆರಳು ಎಲ್ಲಿಡುವುದು? ಹೈಸ್ಕೂಲಿನಲ್ಲಿ ಉಳಿಸಿದ ಆ ಅರ್ಧ ನಿಮಿಷಕ್ಕೆ ಕಾಲೇಜಿನಲ್ಲಿ ವರ್ಷಗಟ್ಟಲೆ ಬಡ್ಡಿ ತೆರುವವರನ್ನು ನಾನು ಪ್ರತಿದಿನವೂ ನೋಡುತ್ತಿದ್ದೇನೆ. ಭೌತಶಾಸ್ತ್ರ ತಮ್ಮ ತಲೆಗೆ ಹತ್ತದೆಂದು ಬಿಟ್ಟುಹೋದವರಲ್ಲಿ ಅನೇಕರಿಗೆ ಹತ್ತದೆ ಇದ್ದುದು ಭೌತಶಾಸ್ತ್ರವಲ್ಲ, ಈ ಒಂದು ಮೆಟ್ಟಲು.

ಇದನ್ನು ಹತ್ತಿದವನಿಗೆ ಕಾಣುವುದಾದರೂ ಏನು? ನ್ಯೂಟನ್ನನ ನಿಯಮದ ಪ್ರಕಾರ 'ಗು' ಎಂಬುದು ಭೂಮಿಯ ದ್ರವ್ಯರಾಶಿಯನ್ನು ಗುರುತ್ವ ನಿಯತಾಂಕದಿಂದ ಗುಣಿಸಿ ತ್ರಿಜ್ಯದ ವರ್ಗದಿಂದ ಭಾಗಿಸಿದಷ್ಟು. ಈಗ ದ್ರವ್ಯರಾಶಿಯೇ ಅವ್ಯಕ್ತವೆನ್ನೋಣ. ಎರಡು ಪಕ್ಷಗಳನ್ನೂ ತ್ರಿಜ್ಯದ ವರ್ಗದಿಂದ ಗುಣಿಸಿ ನಿಯತಾಂಕದಿಂದ ಭಾಗಿಸಿದರೆ ಅದು ಒಂಟಿಯಾಗಿ ನಿಲ್ಲುತ್ತದೆ. ೧೭೯೮ರಲ್ಲಿ ಕ್ಯಾವೆಂಡಿಷನು ಸೀಸದ ಗುಂಡುಗಳ ನಡುವಣ ಆಕರ್ಷಣೆಯನ್ನು ಅಳೆದು ಭೂಮಿಯ ಸಾಂದ್ರತೆಯನ್ನು ಕಂಡುಹಿಡಿದನು. ನಿಯತಾಂಕದ ಬೆಲೆಯೂ ಅವನ ಅಳತೆಯಿಂದಲೇ ದೊರೆಯುತ್ತದೆ.

ನನ್ನ ವಿದ್ಯಾರ್ಥಿಯು ತಿದ್ದಿಕೊಂಡ ೯.೭೭ನ್ನೂ ೬,೩೭೦ ಕಿಲೋಮೀಟರು ತ್ರಿಜ್ಯವನ್ನೂ ಇಟ್ಟು ಆ ಲೆಕ್ಕವನ್ನು ಮಾಡಿದನು. ಒಂದು ದಾರ, ಒಂದು ಗುಂಡು, ಒಂದು ಗಡಿಯಾರದಿಂದ ಭೂಮಿಯ ದ್ರವ್ಯರಾಶಿ ೫.೯೪ × ೧೦²⁴ ಕಿಲೋಗ್ರಾಂ ಎಂದು ಬಂದಿತು. ಪುಸ್ತಕದಲ್ಲಿರುವುದು ೫.೯೭. ಉಳಿದ ವ್ಯತ್ಯಾಸದಲ್ಲಿ ಗಡಿಯಾರ ಒತ್ತಿದ ಬೆರಳಿನ ಪಾಲೆಷ್ಟು, ತಿರುಗುತ್ತಿರುವ ಭೂಮಿಯ ಪಾಲೆಷ್ಟು ಎಂದು ಅವನು ಈಗ ಕೇಳುತ್ತಿದ್ದಾನೆ.