ಮೊದಲ ಗಳಿಕೆ, ಮೊದಲ ಸೈಟು

ಮೂವತ್ತು ನಲವತ್ತರ ಒಂದು ಸೈಟು. ಗಿರಣಿಯ ಪಾಳಿ ಮುಗಿಸಿ ಬರುವ ತರುಣರಾಗಲಿ, ಮಂಡಕ್ಕಿ ಭಟ್ಟಿಯ ಮುಂದೆ ಚಹಾ ಕುಡಿಯುತ್ತ ನಿಂತ ಹುಡುಗರಾಗಲಿ, ಇಂದು ಆಡುವುದು ಇದೇ ಮಾತು. ಕೈಗೆ ನಾಲ್ಕು ಕಾಸು ಬರಲು ಮೊದಲಾಗಿ ಎರಡು ಮೂರು ವರ್ಷವೂ ಆಗದವರು, “ಈಗ ಹಾಕಿದರೆ ಐದು ವರ್ಷಕ್ಕೆ ಎರಡರಷ್ಟು” ಎಂದು ಲೆಕ್ಕ ಹಾಕುತ್ತಿದ್ದಾರೆ. ಇದನ್ನು ದುರಾಸೆಯೆಂದು ಹಳಿಯುವ ಹಿರಿಯರ ಜೊತೆ ನಾವು ಸೇರಲಾರೆವು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯಲ್ಲಿ ಗಿರಣಿಗಳು ಒಂದಾದ ಮೇಲೊಂದು ಕದ ಹಾಕಿದ್ದನ್ನು ಈ ಹುಡುಗರ ತಂದೆಯರು ಕಂಡಿದ್ದಾರೆ. ತಂದೆ ದುಡಿದ ಗಿರಣಿ ಹೋಯಿತು, ಬಾಡಿಗೆಯ ಮನೆ ಉಳಿಯಿತು. ನೆಲವೊಂದೇ ಕೈಬಿಡದ್ದು ಎಂದು ಮಗನಿಗೆ ತೋರಿದರೆ ತಪ್ಪೇನು? ಆಸೆ ಸರಿಯಾದದ್ದೇ. ಆದರೆ ಆ ಆಸೆಯ ದಾರಿಯಲ್ಲಿ ಕುಳಿತು ಸುಂಕ ವಸೂಲು ಮಾಡುತ್ತಿರುವವರು ಯಾರು, ಹುಡುಗನ ಕೈಗೆ ಬರುವುದು ನೆಲವೋ ಬರಿಯ ಕಾಗದವೋ ಎಂಬುದು ನಮ್ಮ ಪ್ರಶ್ನೆ.

ಮೊದಲು ಒಂದು ಎಕರೆಯ ಲೆಕ್ಕ ನೋಡೋಣ. ಎಕರೆಗೆ 40 ಗುಂಟೆ, 43,560 ಚದರಡಿ. ಕಾನೂನಿನಂತೆ ಬಡಾವಣೆ ಮಾಡಿ, ಅಗಲವಾದ ರಸ್ತೆಗೆ, ಉದ್ಯಾನಕ್ಕೆ, ಶಾಲೆ ದವಾಖಾನೆಗಳಿಗೆ ಬಿಟ್ಟರೆ ಮಾರಲು ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು. ಅಂದರೆ 1,200 ಚದರಡಿಯ ಸುಮಾರು 20 ಸೈಟು. ಇದೇ ಎಕರೆಯನ್ನು ಭೂಪರಿವರ್ತನೆಯಿಲ್ಲದೆ, ನಕ್ಷೆಯ ಮಂಜೂರಾತಿಯಿಲ್ಲದೆ, ಎತ್ತಿನ ಗಾಡಿ ತಿರುಗದ ಓಣಿ ಬಿಟ್ಟು ಕತ್ತರಿಸಿದರೆ 27 ಸೈಟು ಏಳುತ್ತವೆ. ಒಂದಕ್ಕೆ 8 ಲಕ್ಷವೆಂದು ಹಿಡಿದರೂ ಹೆಚ್ಚಿನ ಏಳು ಸೈಟಿನಿಂದ 56 ಲಕ್ಷ. ಈ 56 ಲಕ್ಷ ಆಕಾಶದಿಂದ ಬಿದ್ದದ್ದಲ್ಲ. ಮುಂದೆ ಅಲ್ಲಿ ಮನೆ ಕಟ್ಟುವವರ ಚರಂಡಿ, ಅವರ ಮಕ್ಕಳ ಆಟದ ಬಯಲು, ಬೆಂಕಿ ಬಿದ್ದರೆ ನೀರಿನ ಗಾಡಿ ಬರಬೇಕಾದ ರಸ್ತೆ, ಇವೇ ದಲ್ಲಾಳಿಯ ಜೇಬಿಗೆ ಇಳಿದ ಹಣ. ಜನ ಇದನ್ನು ರೆವಿನ್ಯೂ ಸೈಟು ಎನ್ನುತ್ತಾರೆ. ಕರ್ನಾಟಕ ಭೂಕಂದಾಯ ಕಾಯಿದೆ (1964)ಯ 95ನೆಯ ಕಲಮಿನ ಪ್ರಕಾರ ಬೇಸಾಯದ ಜಮೀನನ್ನು ಬೇರೆ ಉದ್ದೇಶಕ್ಕೆ ತಿರುಗಿಸಲು ಅನುಮತಿ ಬೇಕು. ಅದಿಲ್ಲದ ಸೈಟು ಸರ್ಕಾರದ ಕಣ್ಣಿಗೆ ಇನ್ನೂ ಹೊಲವೇ.

ಅಗ್ಗವೆಂದು ಹುಡುಗ ಅಲ್ಲಿಗೇ ಹೋಗುತ್ತಾನೆ. ಅವನ ಕೈಗೆ ಒಂದು ಛಾಪಾ ಕಾಗದ ಬರುತ್ತದೆ, ಅದರ ಮೇಲೆ ನೋಟರಿಯ ಮೊಹರು, ಜೊತೆಗೆ ಜನರಲ್ ಪವರ್ ಆಫ್ ಅಟಾರ್ನಿ. ಅದನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುವವರೂ ಉಂಟು. 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳುವುದಿಷ್ಟು: ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಕ್ರಯಪತ್ರದಿಂದ ಮಾತ್ರ, ಬರಿಯ ಕರಾರು ಪತ್ರದಿಂದ ನೆಲದಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಪವರ್ ಆಫ್ ಅಟಾರ್ನಿಯ ಮಾರಾಟ ಮಾರಾಟವೇ ಅಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಬಿಡಿಸಿ ಹೇಳಿತು. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಸಬ್ ರಿಜಿಸ್ಟ್ರಾರರ ಬಾಗಿಲು ತೆರೆಯದ ನೆಲಕ್ಕೇ ಈ ನೋಟರಿ ಕಾಗದದ ಆಸರೆ ಬೇಕಾಗುವುದು.

“ಮುಂದೆ ಸಕ್ರಮ ಆಗುತ್ತೆ ಬಿಡ್ರಿ” ಎಂಬುದು ದಲ್ಲಾಳಿಯ ಕೊನೆಯ ಮಂತ್ರ. ನಗರಗಳ ಅಕ್ರಮ-ಸಕ್ರಮ ಯೋಜನೆಯನ್ನು 2016ರ ಡಿಸೆಂಬರಿನಲ್ಲಿ ಹೈಕೋರ್ಟು ಒಪ್ಪಿತು. ಮರುತಿಂಗಳೇ ಸುಪ್ರೀಂ ಕೋರ್ಟು ತಡೆಹಿಡಿಯಿತು. 2025ರ ಫೆಬ್ರುವರಿಯಲ್ಲಿ ಸರ್ಕಾರ ನಗರಸಭೆ ಪಾಲಿಕೆಗಳಲ್ಲಿ ಬಿ ಖಾತಾ ಕೊಡುವ ಅಭಿಯಾನ ಹೂಡಿತು. ಅದಾದರೂ ಹಿಂದೆ ಆಗಿಹೋದದ್ದಕ್ಕೆ ತೆರಿಗೆ ಕಟ್ಟಿಸಿಕೊಳ್ಳುವ ಏರ್ಪಾಡೇ ಹೊರತು ನಾಳೆ ಕತ್ತರಿಸುವ ಹೊಲಕ್ಕೆ ಕೊಟ್ಟ ಅಭಯವಲ್ಲ. ತೆರಿಗೆಯ ರಸೀದಿ ಮಾಲೀಕತ್ವದ ಪತ್ರವಲ್ಲ ಎಂಬ ಸಣ್ಣ ಮಾತನ್ನು ನಮ್ಮ ಅಂಗಡಿಕಾರ ಮಿತ್ರರಲ್ಲಿಯೂ ಎಷ್ಟೋ ಮಂದಿ ತಿಳಿದಿಲ್ಲ.

ಪತ್ರಗಳಲ್ಲಿ ಎರಡು ಸಂಗತಿಗಳನ್ನು ಹೊಸಬರು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಜಮೀನು ಹಿಂದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂಬುದು ಮೊದಲನೆಯದು. ಅಂಥ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲವೆಂದು 1978ರ ಕಾಯಿದೆ ಹೇಳುತ್ತದೆ. ಮರಳಿ ಕೇಳಲು ಕಾಲದ ಮಿತಿಯಿಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಯಿತು. ಈ ಕಾನೂನು ನ್ಯಾಯವಾದದ್ದೆಂದು ನಾವು ಖಂಡಿತವಾಗಿ ನಂಬುತ್ತೇವೆ. ಬಡವನ ಭೂಮಿಯನ್ನು ಕುಡಿಸಿ, ಹೆದರಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡವನು ಸೈಟು ಮಾಡಿ ಮಾರಿ ಹೋಗಿರುತ್ತಾನೆ. ಕೊನೆಗೆ ನ್ಯಾಯಾಲಯದಲ್ಲಿ ಎದುರುಬದುರು ನಿಲ್ಲುವವರು ಆ ಬಡವನ ಮೊಮ್ಮಗನೂ ಈ ಗಿರಣಿಯ ಹುಡುಗನೂ. ಎರಡನೆಯದು ಹೆಣ್ಣುಮಕ್ಕಳ ಸಹಿ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. 2020ರಲ್ಲಿ ಸುಪ್ರೀಂ ಕೋರ್ಟು ಇದಕ್ಕಿದ್ದ ಸಂಶಯವನ್ನೂ ತೆಗೆಯಿತು. ವಂಶವೃಕ್ಷ ತರಿಸದೆ ಅಣ್ಣತಮ್ಮಂದಿರ ಸಹಿ ಮಾತ್ರ ನೋಡಿ ಹಣ ಎಣಿಸಿದವನು ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರ ನೋಟೀಸಿಗೆ ಕಾಯುತ್ತಿರಬೇಕಾದೀತು.

ಇನ್ನು ಹಣದ ಲೆಕ್ಕ. ರೆವಿನ್ಯೂ ಸೈಟಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಆದುದರಿಂದ 8 ಲಕ್ಷದ ಸೈಟಿಗೆ ಭವಿಷ್ಯನಿಧಿಯಿಂದ 3 ಲಕ್ಷ ಕಿತ್ತು, ಉಳಿದ 5 ಲಕ್ಷವನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯ ಬಡ್ಡಿಗೆ ತರುತ್ತಾರೆ. ತಿಂಗಳಿಗೆ 10,000, ಮೂರು ವರ್ಷಕ್ಕೆ 3 ಲಕ್ಷ 60 ಸಾವಿರ. ಭವಿಷ್ಯನಿಧಿಗೆ 2024-25ನೆಯ ಸಾಲಿನಲ್ಲಿ ಕೊಟ್ಟ ಬಡ್ಡಿ ಶೇಕಡ 8.25, ಅದೇ ದರದಲ್ಲಿ ಮುಟ್ಟದೆ ಬಿಟ್ಟಿದ್ದರೆ 3 ಲಕ್ಷಕ್ಕೆ ಮೂರು ವರ್ಷದಲ್ಲಿ 80 ಸಾವಿರ ಬರುತ್ತಿತ್ತು. ಎಲ್ಲ ಕೂಡಿಸಿ: 8 ಲಕ್ಷದ ಸೈಟು 12 ಲಕ್ಷ 40 ಸಾವಿರಕ್ಕೆ ಹೋದರೆ ಹುಡುಗನಿಗೆ ಲಾಭ ಸೊನ್ನೆ. ಅಷ್ಟರಲ್ಲಿ ಅಸಲು ಒಂದು ರೂಪಾಯಿಯೂ ತೀರಿಲ್ಲ. ಕಾಗದ ಸರಿಯಿಲ್ಲದ ಸೈಟನ್ನು ಆ ಬೆಲೆಗೆ ಕೊಳ್ಳಲು ಇನ್ನೊಬ್ಬ ಅಂಥದೇ ಹುಡುಗ ಸಿಗಬೇಕು. ಲೇವಾದೇವಿಗಾರನಿಗೆ ಮಾತ್ರ ಯಾರನ್ನೂ ಹುಡುಕುವ ಕೆಲಸವಿಲ್ಲ.

ನೆಲದ ಬೆಲೆ ಏರುವುದಾದರೂ ಏತಕ್ಕೆ? ಸೈಟಿನೊಡೆಯ ಅಲ್ಲಿ ಒಂದು ಕಲ್ಲನ್ನೂ ಎತ್ತಿಡುವುದಿಲ್ಲ. ರಸ್ತೆ ಬರುತ್ತದೆ, ಬಸ್ಸು ಬರುತ್ತದೆ, ಕಾಲೇಜು ಬರುತ್ತದೆ. ಎಲ್ಲರ ತೆರಿಗೆಯಿಂದ ಏರಿದ ಬೆಲೆ ಕೆಲವರ ಪಾಲಾಗುತ್ತದೆ. ಗಿರಣಿಯ ಕಾರ್ಮಿಕರಿಗೆ ಇದರ ದೊಡ್ಡ ಉದಾಹರಣೆ ಮುಂಬಯಿಯದು. 1982ರ ಜನವರಿಯಲ್ಲಿ ಸುಮಾರು ಎರಡೂವರೆ ಲಕ್ಷ ಜವಳಿ ಕಾರ್ಮಿಕರು ಹೂಡಿದ ಮುಷ್ಕರದ ನಂತರ ಅಲ್ಲಿಯ ಗಿರಣಿಗಳು ಮುಚ್ಚುತ್ತ ಬಂದವು. ಗಿರಣಿಗಳ ನೆಲದಲ್ಲಿ ಮೂರರಲ್ಲೊಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ ಎಂದು 1991ರ ನಿಯಮ ಹೇಳಿತ್ತು. 2001ರಲ್ಲಿ ಅದನ್ನು ಖಾಲಿ ಜಾಗಕ್ಕೆ ಮಾತ್ರ ಎಂದು ತಿದ್ದಿದರು. 2006ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ನೂಲು ತೆಗೆದು ಕೊಡಲಾರದಷ್ಟು ಹಣವನ್ನು ನೆಲ ಕೊಟ್ಟಿತು, ನೂಲು ತೆಗೆದವನಿಗಲ್ಲ. ನಮ್ಮಲ್ಲಿಯೂ ಕಾಗೋಡಿನ ಗೇಣಿದಾರರು 1951ರಲ್ಲಿ ಎತ್ತಿದ ಕೂಗು 1974ರಲ್ಲಿ ಕಾನೂನಾಯಿತು; ಅದೇ ಭೂಸುಧಾರಣಾ ಕಾಯಿದೆಯಿಂದ 79ಎ, 79ಬಿ ಕಲಮುಗಳನ್ನು 2020ರಲ್ಲಿ ಕಿತ್ತುಹಾಕಿದ ಮೇಲೆ ಬೇಸಾಯ ಮಾಡದವನೂ ಹೊಲ ಕೊಳ್ಳಬಹುದಾಯಿತು. ಈ ಪಂದ್ಯದಲ್ಲಿ ಕೋಟಿ ಹಿಡಿದು ಬಂದವನೊಡನೆ ಮೂರು ಲಕ್ಷದ ತರುಣ ಓಡಲಾರ. ಓಡಬೇಕಾಗಿಯೂ ಇಲ್ಲ.

ಹಾಗಾದರೆ ಅವನು ಮಾಡಬೇಕಾದದ್ದೇನು? ಮಾರಲು ಕೊಳ್ಳಬೇಡಿ, ಇರಲು ಕೊಳ್ಳಿರಿ. ಬಾಡಿಗೆ ಉಳಿಸುವ ಒಂದು ಪುಟ್ಟ ಮನೆ ಬೆಲೆ ಏರದಿದ್ದರೂ ತಿಂಗಳು ತಿಂಗಳೂ ಫಲ ಕೊಡುತ್ತದೆ. ವ್ಯಾಪಾರಿಗಾದರೆ ಮಳಿಗೆಯೂ ಹಾಗೆಯೇ. ಮುಂಗಡ ಕೊಡುವ ಮುಂಚೆ ರೇರಾ ನೋಂದಣಿ ಕೇಳಿರಿ. 2016ರ ಆ ಕಾಯಿದೆಯಂತೆ 500 ಚದರ ಮೀಟರಿಗೆ, ಅಂದರೆ ಐದು ಗುಂಟೆಗೂ ಕಡಿಮೆ ಜಾಗಕ್ಕೆ, ಮೇಲ್ಪಟ್ಟ ಬಡಾವಣೆ ನೋಂದಣಿಯಾಗಿರಬೇಕು; ಕರಾರನ್ನು ನೋಂದಾಯಿಸದೆ ಬೆಲೆಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಮುಂಗಡ ಪಡೆಯಕೂಡದು. ಹೆಚ್ಚು ಕೇಳಿದವನಿಗೆ ಈ ಕಲಮಿನ ಸಂಖ್ಯೆ ಹೇಳಿ ನೋಡಿರಿ, ಅದು 13. ಮೂಲಪತ್ರ, ಪಹಣಿ, 30 ವರ್ಷದ ಋಣಭಾರ ಪತ್ರ, ಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ, ಇಷ್ಟನ್ನೂ ದಲ್ಲಾಳಿ ತೋರಿಸಿದ ವಕೀಲರಲ್ಲದೆ ಬೇರೆ ವಕೀಲರಿಂದ ಓದಿಸಿರಿ. ನೋಂದಣಿಯ ಖರ್ಚನ್ನೂ ಮೊದಲೇ ಎತ್ತಿಡಬೇಕು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 1ರಿಂದ 2ಕ್ಕೇರಿದೆ. ಮುದ್ರಾಂಕವೂ ಅದರ ಮೇಲಿನ ಕರಗಳೂ ಸೇರಿ 8 ಲಕ್ಷದ ಸೈಟಿಗೆ 60 ಸಾವಿರ ಮೀರುತ್ತದೆ. ಬಡವನ ಮೊದಲ ಸೈಟಿಗೂ ಸಾಹುಕಾರನ ಹತ್ತನೆಯ ಸೈಟಿಗೂ ಒಂದೇ ದರವೆಂಬುದು ನಮಗೆ ಒಪ್ಪಿಗೆಯಿಲ್ಲ.

ಒಬ್ಬೊಬ್ಬರಾಗಿ ಹೋಗುವುದಕ್ಕಿಂತ ಇಪ್ಪತ್ತು ಮಂದಿ ಗೃಹನಿರ್ಮಾಣ ಸಹಕಾರ ಸಂಘವಾಗಿ ಹೋಗುವುದು ಲೇಸು. ಆದರೆ ಸಂಘವೆಂದ ಮಾತ್ರಕ್ಕೆ ಕಣ್ಣುಮುಚ್ಚಬಾರದು. ಬೆಂಗಳೂರಿನ ಕಾರ್ಖಾನೆಯೊಂದರ ನೌಕರರ ಸಂಘ ಮಧ್ಯವರ್ತಿಯ ಮೂಲಕ ಜಮೀನಿಗೆ ಹೋದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ಭೂಸ್ವಾಧೀನವನ್ನೇ ರದ್ದು ಮಾಡಿದ್ದುಂಟು. ಲೆಕ್ಕದ ಪುಸ್ತಕ ಸದಸ್ಯರ ಕೈಗೆ ಸಿಗಬೇಕು; ದಲ್ಲಾಳಿ ಹೊಸಿಲು ದಾಟಬಾರದು.

ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರವನ್ನೂ ನಾವು ಕೇಳುವುದಿದೆ. ಮಂಜೂರಾದ ಬಡಾವಣೆಗಳ ಪಟ್ಟಿಯನ್ನು ಸರ್ವೆ ನಂಬರಿನೊಡನೆ ಕನ್ನಡದಲ್ಲಿ ಅಚ್ಚು ಹಾಕಿ ಗಿರಣಿಗಳ ಬಾಗಿಲಲ್ಲಿ, ಮಾರುಕಟ್ಟೆಯಲ್ಲಿ ಅಂಟಿಸಲಿ. ಮಂಜೂರಾಗದ ಹೊಲದಲ್ಲಿ ಸೈಟಿನ ಕಲ್ಲು ನೆಟ್ಟ ದಿನವೇ ಅಲ್ಲಿ ತನ್ನ ಎಚ್ಚರಿಕೆಯ ಫಲಕ ನೆಡಲಿ; ಹತ್ತು ವರ್ಷದ ಮೇಲೆ ಮನೆ ಕಟ್ಟಿದವನಿಗೆ ನೋಟೀಸು ಕೊಡುವುದು ಆಡಳಿತವಲ್ಲ. ತಾನೇ ಮಾಡುವ ಬಡಾವಣೆಗಳಲ್ಲಿ ಇಪ್ಪತ್ತು ಮೂವತ್ತರ ಸಣ್ಣ ಸೈಟುಗಳನ್ನು ಹೆಚ್ಚಿಸಿ, ಸ್ವಂತ ಮನೆಯಿಲ್ಲದ ದುಡಿಯುವ ಜನರಿಗೆ ಕಂತಿನ ಮೇಲೆ ಕೊಡಲಿ. ಅಲ್ಲಿಯತನಕ, ಕೈಯಲ್ಲಿ ಕರಾರು ಪತ್ರ ಹಿಡಿದು ಸಂಶಯದಲ್ಲಿರುವ ತರುಣರು ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಗೆ ಬರಬಹುದು. ಮುಂಗಡ ಕೊಡುವ ಮುಂಚಿನ ಭಾನುವಾರ ಬಂದರೆ ಇನ್ನೂ ಒಳ್ಳೆಯದು.