ಬೆಣ್ಣೆಹಳ್ಳದ ದಂಡೆಗೊಂದು ಕಾಲುದಾರಿ

ಚಾಂಗದೇವರ ಜಾತ್ರೆಗೆ ಹೆಸರಾದ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ, ಬೆಣ್ಣೆಹಳ್ಳದ ಗುಂಟ ಒಂದೆರಡು ಕಿಲೋಮೀಟರಿನ ಪಕ್ಷಿವೀಕ್ಷಣೆಯ ಕಾಲುದಾರಿ ಆಗಬೇಕು. ಬೆಳ್ಳಕ್ಕಿ, ಮಿಂಚುಳ್ಳಿ, ಟಿಟ್ಟಿಭಗಳನ್ನು ನೋಡಲು ದೂರದ ಕಾಡಿಗೆ ಹೋಗಬೇಕಿಲ್ಲ. ಮಳೆಗಾಲದಲ್ಲಿ ಎರಿಮಣ್ಣು ಕಾಲಿಗೆ ಮೆತ್ತುತ್ತದೆ, ಹಳ್ಳವೂ ಉಕ್ಕುತ್ತದೆ. ಹಿಂಗಾರಿನ ಮುಂಜಾವು ನಡಿಗೆಗೆ ಸೂಕ್ತ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಯೆಂಬ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ಬಯಲುಸೀಮೆಯ ನೀರಿನ ನೆಲೆಗಳ ಬೆಲೆ ಇದರಿಂದ ತಿಳಿಯುತ್ತದೆ. ಯಮನೂರಿನ ದಾರಿಗೆ ಕಾಂಕ್ರೀಟ್ ಬೇಡ. ದಂಡೆಯ ಗಿಡಗಂಟಿ ಉಳಿಸಿ, ಜಾತ್ರೆಯ ಪ್ಲಾಸ್ಟಿಕ್ ತೆಗೆದು, ಹಕ್ಕಿಗಳ ಚಿತ್ರಫಲಕ ನಿಲ್ಲಿಸಿದರೆ ಸಾಕು. ಗ್ರಾಮ ಪಂಚಾಯಿತಿ, ಶಾಲೆ, ಅರಣ್ಯ ಇಲಾಖೆ ಈ ಹಿಂಗಾರಿನಲ್ಲೇ ಕೈಜೋಡಿಸಲಿ.