ಟನ್ ಲೆಕ್ಕ ಏರಿದರೆ ಮನೆ ಲೆಕ್ಕ ಏರೀತೇ?

ಮೀನುಗಾರಿಕೆ ಹೇಗಿದೆ ಎಂದು ಕೇಳಿದರೆ ಸರಕಾರ ಹೇಳುವುದು ಟನ್ ಲೆಕ್ಕ. ದಕ್ಕೆಯಲ್ಲಿ ಮೀನು ಎತ್ತಿ, ಐಸ್ ಹಾಕಿ, ಬೈಕಿನಲ್ಲಿ ಊರೂರು ಮಾರುವ ನಮ್ಮವರಿಗೆ ಆ ಲೆಕ್ಕ ಅರ್ಧ ಸತ್ಯ ಮಾತ್ರ. ಬಂದದ್ದರಲ್ಲಿ ಅಡುಗೆಮನೆಗೆ ಹೋಗುವ ಮೀನೆಷ್ಟು, ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುವ ಮರಿಮೀನೆಷ್ಟು ಎಂಬುದನ್ನೂ ನೋಡಬೇಕು. ತೂಕದ ಪಟ್ಟಿಯಲ್ಲಿ ಎರಡೂ ಒಂದೇ.

ಒಂದು ಕಿಲೋ ಫಿಶ್‌ಮೀಲ್‌ಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಆ ಪುಡಿ ಸಿಗಡಿ ಕೆರೆಗಳಿಗೆ, ಕೋಳಿ ಫಾರಂಗಳಿಗೆ ಆಹಾರವಾಗಿ ಹೋಗುತ್ತದೆ. ಅಂದರೆ ಒಂದು ಕಡೆ ಸಿಗಡಿ ಕೃಷಿಯ ಲೆಕ್ಕ ಏರುವಾಗ ಇನ್ನೊಂದು ಕಡೆ ಕಡಲಿನ ಬಂಡವಾಳ ಕರಗುತ್ತಿರಬಹುದು. ಬೂತಾಯಿ ಮೊಟ್ಟೆ ಇಡುವಷ್ಟು ಬೆಳೆಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅದಕ್ಕೂ ಮೊದಲೇ ಬಲೆಗೆ ಬಿದ್ದರೆ ಮುಂದಿನ ವರ್ಷದ ಮೀನು ಎಲ್ಲಿಂದ ಬಂದೀತು?

ನೆರೆಯ ಕೇರಳವನ್ನು ನೋಡಿ. ಅಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಮತ್ತಿ, ಅಂದರೆ ನಮ್ಮ ಬೂತಾಯಿ, ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಮೂರೂವರೆ ಸಾವಿರ ಟನ್‌ಗಿಂತಲೂ ಕಡಿಮೆ. ಕಡಲಿನ ಬಿಸಿ, ಹವಾಮಾನದ ಏರುಪೇರು ದೊಡ್ಡ ಕಾರಣವೇ ಸರಿ. ಅತಿಯಾಗಿ ಹಿಡಿದದ್ದೂ ಕಾರಣ ಎಂದು ತಜ್ಞರು ಹೇಳುತ್ತಾರೆ. 10 ಸೆಂ.ಮೀ.ಗಿಂತ ಸಣ್ಣ ಮತ್ತಿ ಹಿಡಿಯಬಾರದೆಂದು ಅಲ್ಲಿ ನಿಯಮವಿದೆ.

ಇಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್‌ಗಳು ಕಡಲಿಗಿಳಿಯುವುದಿಲ್ಲ. ಮಳೆಗಾಲ ಬೂತಾಯಿ ಮೊಟ್ಟೆ ಇಡುವ ಕಾಲ, ಹಾಗಾಗಿ ಈ ರಜೆ ಬೇಕೇ ಬೇಕು. ಆದರೆ ಆಗಸ್ಟ್‌ನಲ್ಲಿ ಮರಿಗಳನ್ನೇ ಬಾಚಿ ತಂದರೆ ಎರಡು ತಿಂಗಳು ಕಾದದ್ದು ನೀರುಪಾಲು.

ರಜೆಯ ಭಾರ ಯಾರ ಮೇಲೆ? ಉಳಿತಾಯ-ಪರಿಹಾರ ಯೋಜನೆ ಇರುವುದು ಕಡಲಿಗಿಳಿಯುವ ಮೀನುಗಾರರ ಕುಟುಂಬಗಳಿಗೆ. ಬುಟ್ಟಿ ಹೊತ್ತು, ಬೈಕ್ ಓಡಿಸಿ ಮಾರುವವರಿಗೆ ದುಡಿಮೆ ನಿಂತರೆ ಸಂಪಾದನೆಯೂ ನಿಂತಿತು. 2024ರಲ್ಲಿ ಕೇಂದ್ರ ಶುರು ಮಾಡಿದ ರಾಷ್ಟ್ರೀಯ ಮೀನುಗಾರಿಕೆ ಡಿಜಿಟಲ್ ವೇದಿಕೆಯಲ್ಲಿ ಮೀನು ಮಾರುವವರೂ ಹೆಸರು ನೋಂದಾಯಿಸಬಹುದು. ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಮಾಡಿದ್ದೇವೆ? ಪಟ್ಟಿಯಲ್ಲಿ ಹೆಸರೇ ಇಲ್ಲದವನಿಗೆ ಪರಿಹಾರ ಕೇಳಲು ಬಾಯಿ ಎಲ್ಲಿಂದ ಬರಬೇಕು?

ಬಲೆಯ ಕಣ್ಣಿನ ಅಳತೆ ಕಾಯುವುದು ಇಲಾಖೆಯ ಕೆಲಸ. ಮರಿ ಬೂತಾಯಿಯ ರಾಶಿಗೆ ಏಲಂ ಕೂಗದಿರುವುದು ವ್ಯಾಪಾರಿಗಳಾದ ನಮ್ಮ ಕೈಯಲ್ಲೇ ಇದೆ. ಇವತ್ತು ಹತ್ತು ರೂಪಾಯಿ ಬಿಟ್ಟರೆ ನಾಳೆ ಬುಟ್ಟಿ ತುಂಬೀತು.